ಮುಂಬೈಯಲ್ಲಿ ಮಾವನ ಜೊತೆ ಐದು ದಿನದ ಊಟ

ಮಾವನಿಗೆ ಮುಂಬೈ ಈಗಲೂ ಬೊಂಬಾಯಿಯೇ. 1968ರಲ್ಲಿ, ಹದಿಮೂರು ವರ್ಷದ ಹುಡುಗನಾಗಿ ಕುಂದಾಪುರದಿಂದ ಹೋಗಿ ಮಾಟುಂಗಾದ ಒಂದು ಹೋಟೆಲಿಗೆ ಸೇರಿದವರು. ಆಗ ಕೊಂಕಣ ರೈಲು ಇರಲಿಲ್ಲ, ಬಸ್ಸಲ್ಲೇ ಹೋಗಬೇಕು. ಮೊದಲು ಟೇಬಲ್ ಒರೆಸುವ ಕೆಲಸ, ಆಮೇಲೆ ಬಡಿಸುವುದು, ಕೊನೆಗೆ ಗಲ್ಲಾದಲ್ಲಿ ಕೂರುವುದು. ಹೀಗೆ ಹದಿನೆಂಟು ವರ್ಷ ದುಡಿದು 1986ರಲ್ಲಿ ಊರಿಗೆ ಬಂದು ಸಣ್ಣದೊಂದು ಹೋಟೆಲ್ ಇಟ್ಟರು. ಈಗ ಅದನ್ನೂ ಮುಚ್ಚಿ ಮನೆಯಲ್ಲಿದ್ದಾರೆ.

ಹೋದ ವರ್ಷ ಒಂದು ಮದುವೆ ಊಟದಲ್ಲಿ ಪಕ್ಕ ಕೂತಿದ್ದಾಗ ಒಂದು ಮಾತು ಹೇಳಿದರು. "ಹದಿನೆಂಟು ವರ್ಷ ಬೊಂಬಾಯಿಯಲ್ಲಿ ಇದ್ದೆ ಮಾರಾಯ, ಒಂದು ದಿನ ಒಂದು ಹೋಟೆಲಲ್ಲಿ ಗಿರಾಕಿಯಾಗಿ ಕೂತು ಊಟ ಮಾಡಲಿಲ್ಲ." ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಜುಲೈಯಲ್ಲಿ ಒಂದು ವಾರ ರಜೆ ಹಾಕಿ, ಮತ್ಸ್ಯಗಂಧ ರೈಲಿನಲ್ಲಿ ಎರಡು ಟಿಕೆಟ್ ಮಾಡಿಸಿದೆ.

ಗುರುವಾರ

ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ. ಗುಡ್ಡ ಜರಿಯುವ ಭಯಕ್ಕೆ ಗಾಡಿ ನಿಧಾನ ಓಡುತ್ತದೆ. ಮಧ್ಯದಲ್ಲಿ ಎಲ್ಲೋ ಒಂದೂವರೆ ಗಂಟೆ ನಿಂತೂಬಿಟ್ಟಿತು. ಕುರ್ಲಾದಲ್ಲಿ ಇಳಿದು, ದಾದರಿನ ಲಾಡ್ಜಿಗೆ ಹೋಗಿ ಸ್ನಾನ ಮಾಡಿ ಹೊರಡುವಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಮೊದಲ ಊಟ ಮಾಟುಂಗಾದಲ್ಲೇ ಆಗಬೇಕು ಅಂತ ಮಾವನ ಹಟ.

ಲೋಕಲ್ ಹತ್ತುವಾಗ ಅವರೇ ಮುಂದೆ. "ನಂಗೆ ಗೊತ್ತಿಲ್ವಾ, ಸುಮ್ನೆ ಬಾ" ಅಂದರು. ಒಂದೇ ಸ್ಟೇಷನ್ನಿನ ದಾರಿ. ಇಳಿದು ನೋಡಿದರೆ ಬೋರ್ಡಿನಲ್ಲಿ ಮಾಟುಂಗಾ ರೋಡ್ ಅಂತಿದೆ! ದಾದರಿನಿಂದ ಎರಡು ಲೈನ್ ಹೋಗುತ್ತವೆ. ಮಾಟುಂಗಾ ಇರುವುದು ಸೆಂಟ್ರಲ್ ಲೈನಿನಲ್ಲಿ, ಮಾಟುಂಗಾ ರೋಡ್ ವೆಸ್ಟರ್ನ್ ಲೈನಿನಲ್ಲಿ. ಹೆಸರು ಒಂದೇ ಥರ ಇರುವುದರಿಂದ ಹೊಸಬರು ತಪ್ಪುವುದು ಸಹಜ, ಮಾವ ತಪ್ಪಿದ್ದು ಮಾತ್ರ ಅವರಿಗೆ ಬಹಳ ಬೇಜಾರಾಯಿತು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಪುಣ್ಯಕ್ಕೆ ಎರಡೂ ಕಡೆಯನ್ನು ಸೇರಿಸುವ ಒಂದು ಉದ್ದದ ಕಾಲ್ಸೇತುವೆ ಇದೆ, ಝೆಡ್ ಬ್ರಿಜ್ ಅಂತ. ಅದರ ಮೇಲೆ ಹಳಿಗಳನ್ನು ದಾಟಿ ನಡೆದು ಆಚೆ ಇಳಿದಾಗ ಹೂವಿನ ವಾಸನೆ ಬಂತು. ಮಾವನ ಮುಖ ಅರಳಿತು. "ಹಾಂ, ಇದು ಮಾಟುಂಗಾ."

ಸ್ಟೇಷನ್ ಪಕ್ಕದಲ್ಲೇ, ಮಹಡಿ ಮೇಲೆ ಇರುವುದು ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ನಡೆಯುತ್ತಿದೆ. ಮೆಟ್ಟಿಲ ಮೇಲೆಯೇ ಜನ ನಿಂತಿದ್ದರು. ಕೂಪನ್ ತಗೊಂಡು ಕಾದು ಒಳಗೆ ಹೋದೆವು. ಬಾಳೆಲೆ ಬಂತು, ಮಾವ ನೀರು ಚಿಮುಕಿಸಿ ಅಂಗೈಯಲ್ಲಿ ಒರೆಸಿದರು. ಪಲ್ಯ, ಕೋಸಂಬರಿ, ಹಪ್ಪಳ. ಅನ್ನ ಹಾಕಿದ ಮೇಲೆ ಮಾವ ಮಧ್ಯದಲ್ಲಿ ಬೆರಳಿಂದ ಗುಳಿ ಮಾಡಿ ಕಾದರು. ಬಡಿಸುವವನು ಬಕೆಟ್ಟಿನಿಂದ ಸೌಟು ಎತ್ತಿ, ಒಂದು ತೊಟ್ಟೂ ಆಚೆ ಚೆಲ್ಲದ ಹಾಗೆ ಸಾರನ್ನು ಆ ಗುಳಿಗೇ ಸುರಿದ. ಸುರಿದು ಮುಗಿಸುವಾಗ ಸೌಟನ್ನು ಸ್ವಲ್ಪ ಒಳಕ್ಕೆ ತಿರುಗಿಸಿದ. ಮಾವ ತಿನ್ನುವುದು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದರು. "ಆ ತಿರುಗಿಸುವುದು ಕಲಿಯಲು ನಂಗೆ ಮೂರು ತಿಂಗಳು ಬೇಕಾಯ್ತು" ಅಂದರು.

ಸಾರು ನಮ್ಮ ಊರಿನದ್ದೇ. ಬೆಲ್ಲ ಕಾಣಿಸಬೇಕು, ಹುಳಿಯೂ ಕಾಣಿಸಬೇಕು, ಯಾವುದೂ ಜಾಸ್ತಿ ಆಗಬಾರದು, ಹಾಗಿತ್ತು. ಇಲ್ಲಿ ಅಡುಗೆಮನೆಯನ್ನು ಗಿರಾಕಿಗಳು ನೋಡಬಹುದು. ನಾನು ಹೋಗಿ ನೋಡಿ ಬಂದೆ. ಮಾವ ಬರಲಿಲ್ಲ. "ಇವತ್ತು ನಾನು ಗಿರಾಕಿ, ಒಳಗೆ ನಂಗೇನು ಕೆಲಸ?" ಅಂತ ಎಲೆ ಮುಂದೆಯೇ ಕೂತಿದ್ದರು. ಆದರೆ ಊಟ ಮುಗಿದ ಮೇಲೆ ಅಭ್ಯಾಸಬಲದಿಂದ ಪಕ್ಕದ ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸಿಟ್ಟೇಬಿಟ್ಟರು.

ಸಂಜೆ ದಾದರ್ ಸ್ಟೇಷನ್ ಹೊರಗೆ ಮಳೆಯಲ್ಲಿ ವಡಾಪಾವ್. 1966ರಲ್ಲಿ ಅಶೋಕ್ ವೈದ್ಯ ಎಂಬವರು ಇದೇ ಸ್ಟೇಷನ್ ಹತ್ತಿರ ಶುರು ಮಾಡಿದ್ದು ಅಂತ ಹೇಳುತ್ತಾರೆ. ಮಾವ ಬಂದಾಗ ಅದಕ್ಕೆ ಎರಡು ವರ್ಷ ಆಗಿತ್ತಷ್ಟೆ. ಬಿಸಿ ವಡೆ, ಒಣ ಬೆಳ್ಳುಳ್ಳಿ ಚಟ್ನಿ, ಉಪ್ಪು ಹಚ್ಚಿ ಹುರಿದ ಹಸಿಮೆಣಸು. ಗಿರಾಕಿ ಜಾಸ್ತಿ ಇರುವ ಗಾಡಿ ಹತ್ತಿರವೇ ನಿಲ್ಲಿ, ಎಣ್ಣೆಯಿಂದ ಈಗಷ್ಟೇ ತೆಗೆದ ವಡೆ ಸಿಗುತ್ತದೆ. ಆರಿದ ವಡೆಗೆ ಆ ರುಚಿ ಇಲ್ಲ.

ಶುಕ್ರವಾರ

ಬೆಳಿಗ್ಗೆ ಏಳರ ಒಳಗೆ ಲೋಕಲ್ ಹತ್ತಿದರೆ ಕೂರಲು ಜಾಗ ಸಿಗುತ್ತದೆ. ಎಂಟಾದರೆ ವಯಸ್ಸಾದವರನ್ನು ಕರೆದುಕೊಂಡು ಹತ್ತುವ ಸಾಹಸ ಬೇಡವೇ ಬೇಡ. ಮೆರೀನ್ ಲೈನ್ಸಿನಲ್ಲಿ ಇಳಿದು, ಮೆಟ್ರೋ ಸಿನಿಮಾ ಎದುರಿನ ಕಯಾನಿಗೆ ಹೋದೆವು. 1904ರ ಇರಾನಿ ಹೋಟೆಲ್. ಎತ್ತರದ ಮಾಡು, ಬಗ್ಗಿಸಿದ ಮರದ ಕುರ್ಚಿಗಳು, ಕೆಂಪು ಚೌಕಳಿ ಬಟ್ಟೆ ಹಾಸಿದ ಮೇಜುಗಳು, ಗಾಜಿನ ಕಪಾಟಿನಲ್ಲಿ ಖಾರಿ ಬಿಸ್ಕತ್ತು, ಮಾವಾ ಕೇಕು. ಬನ್ ಮಸ್ಕಾ, ಅಂದರೆ ಬೆಣ್ಣೆ ಹಚ್ಚಿದ ಬನ್ ಹೇಳಿದೆವು, ಜೊತೆಗೆ ಬ್ರೂನ್ ಮಸ್ಕಾ. ಬ್ರೂನ್ ಅಂದರೆ ಮೇಲೆ ಗಟ್ಟಿ ಗರಿಗರಿ, ಒಳಗೆ ಮೆತ್ತಗೆ ಇರುವ ಪಾವ್. ಅದನ್ನು ಹಾಗೇ ಕಚ್ಚಿದರೆ ಬಾಯಿ ತರಚುತ್ತದೆ, ಚಹಾದಲ್ಲಿ ಅದ್ದಬೇಕು. ಅದ್ದಿದಾಗ ಚಹಾದ ಮೇಲೆ ಬೆಣ್ಣೆಯ ಸಣ್ಣ ಸಣ್ಣ ಹೊಳೆಯುವ ಚುಕ್ಕಿಗಳು ತೇಲುತ್ತವೆ.

ಮಾವ ಒಂದು ಕಪ್ ಚಹಾಕ್ಕೆ ಅರ್ಧ ಗಂಟೆ ತಗೊಂಡರು. "ಇರಾನಿ ಹೋಟೆಲಲ್ಲಿ ಎಷ್ಟು ಹೊತ್ತು ಕೂತರೂ ಎಬ್ಬಿಸುವುದಿಲ್ಲ ಅಂತ ನಮ್ಮ ಗಿರಾಕಿಗಳು ಹೇಳುತ್ತಿದ್ದರು. ನಮ್ಮಲ್ಲಿ ಹಾಗಲ್ಲ, ಕಾಫಿ ಮುಗಿಯುತ್ತಿದ್ದ ಹಾಗೆ ಬಿಲ್ ಇಡಬೇಕು, ಹಿಂದೆ ಜನ ನಿಂತಿರುತ್ತಾರೆ." ಈ ಹೋಟೆಲುಗಳನ್ನು ಇಟ್ಟವರ ಹಿರಿಯರು ಇರಾನಿನ ಯಜ್ದ್, ಕೆರ್ಮಾನ್ ಕಡೆಯಿಂದ ಬಂದವರು ಅಂತ ನಾನು ಹೇಳಿದೆ. ಮಾವ ಗಲ್ಲಾದ ಕಡೆ ನೋಡಿ, "ನಮ್ಮದಕ್ಕಿಂತ ದೂರದ ಊರು" ಅಂದರು.

ಮಧ್ಯಾಹ್ನ ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ. ಇದು 1923ರದ್ದು. ಮಧ್ಯಾಹ್ನದ ಊಟ ಮಾತ್ರ, ಭಾನುವಾರ ರಜೆ. ಹಾಗಾಗಿಯೇ ಶುಕ್ರವಾರಕ್ಕೆ ಇಟ್ಟುಕೊಂಡಿದ್ದೆ. ಅಲ್ಲಿ ಬೆರ್ರಿ ಪುಲಾವ್ ತಿನ್ನಬೇಕು. ಇರಾನಿನಿಂದ ಬರುವ ಒಣಗಿಸಿದ ಸಣ್ಣ ಕೆಂಪು ಹಣ್ಣು, ಒಣದ್ರಾಕ್ಷಿಗಿಂತ ಚಿಕ್ಕದು, ಕಚ್ಚಿದರೆ ಒಳ್ಳೇ ಹುಳಿ. ಮೇಲೆ ಕೆಂಪಗೆ ಹುರಿದ ಈರುಳ್ಳಿ, ಗೋಡಂಬಿ, ಅಡಿಯಲ್ಲಿ ಕೋಳಿ. ಬಿರಿಯಾನಿಯ ಖಾರ ಬಯಸಿ ಹೋಗಬೇಡಿ, ಇದು ಸೌಮ್ಯ. ನನಗೆ ಬಹಳ ಹಿಡಿಸಿತು. ಮಾವನಿಗೆ ಅಷ್ಟಕ್ಕಷ್ಟೆ, ಆದರೆ ಜೊತೆಗೆ ತರಿಸಿದ ಪಲ್ಲೊಂಜಿ ರಾಸ್ಪ್ಬೆರಿ ಸೋಡಾ ನೋಡಿ ಮಗುವಿನ ಹಾಗೆ ಖುಷಿಪಟ್ಟರು. ಬೆಲೆ ಕಡಿಮೆಯೇನಲ್ಲ, ಒಂದು ಪ್ಲೇಟ್ ಹೇಳಿ ನೋಡಿ, ಆಮೇಲೆ ಬೇಕಾದರೆ ಇನ್ನೊಂದು. ನಮ್ಮಿಬ್ಬರಿಗೆ ಒಂದೇ ಸಾಕಾಯಿತು.

ಆ ರಾತ್ರಿಯ ಊಟ ಕೆಟ್ಟಿತು. ಬಾಂದ್ರಾದ ಒಂದು ದೊಡ್ಡ ರೆಸ್ಟೋರೆಂಟಿಗೆ ಹೋಗಿದ್ದೆವು. ಹೆಸರು ಬೇಡ. ಒಂದು ಗಂಟೆ ಹೊರಗೆ ನಿಂತೆವು. ಒಳಗೆ ಮೆನು ಕಾರ್ಡ್ ಇಲ್ಲ, ಮೊಬೈಲಲ್ಲೇ ನೋಡಬೇಕು. ಸಂಗೀತದ ಅಬ್ಬರಕ್ಕೆ ಎದುರು ಕೂತವರ ಮಾತು ಕೇಳಿಸುವುದಿಲ್ಲ. ತಂದಿಟ್ಟ ನೂಡಲ್ಸ್ ತಣ್ಣಗಿತ್ತು. ಮಾವ ದೂರು ಹೇಳುವ ಜನ ಅಲ್ಲ, ಸುಮ್ನೆ ತಿಂದರು, ಅದು ನನಗೆ ಇನ್ನೂ ನೋವಾಯಿತು. ಬಿಲ್ಲಿನಲ್ಲಿ ಶೇಕಡ 10 ಸರ್ವಿಸ್ ಚಾರ್ಜ್ ಸೇರಿಸಿದ್ದರು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಗ್ರಾಹಕರ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ. ಮೆತ್ತಗೆ ಹೇಳಿದೆ, ಮ್ಯಾನೇಜರ್ ಮಾತಿಲ್ಲದೆ ತೆಗೆದುಕೊಟ್ಟರು. ನೀವೂ ಬಿಲ್ ಒಮ್ಮೆ ಓದಿ ನೋಡಿ. ಮಾವ ಮಾತ್ರ ಹೊರಡುವಾಗ ಬಡಿಸಿದ ಹುಡುಗನನ್ನು ಹುಡುಕಿ, ನೂರು ರೂಪಾಯಿ ಅವನ ಕೈಗೇ ಕೊಟ್ಟು ಬಂದರು.

ಶನಿವಾರ

ರಾತ್ರಿಯಿಡೀ ಮಳೆ ಹೊಡೆದಿತ್ತು. ಬೆಳಗ್ಗೆ ಸ್ವಲ್ಪ ಹೊಳವಾದ ಹಾಗೆ ಕಂಡಿತು ಅಂತ ಮತ್ತೆ ಮಾಟುಂಗಾಕ್ಕೆ, ರಾಮ್ ಆಶ್ರಯ ಹೋಟೆಲಿಗೆ. ಈ ಸಲ ಸರಿಯಾದ ಲೈನ್. ಈ ಸ್ಟೇಷನ್ನಿನಲ್ಲಿ 2017ರಿಂದ ಕೆಲಸದವರೆಲ್ಲ ಹೆಂಗಸರೇ. ಮಾವನಿಗೆ ಇದು ಗೊತ್ತಿರಲಿಲ್ಲ, ನಿಂತು ನೋಡಿ ಬಹಳ ಮೆಚ್ಚಿಕೊಂಡರು.

ರಾಮ್ ಆಶ್ರಯ ಬೆಳಗಿನ ಜಾವವೇ ತೆರೆಯುತ್ತದೆ. ರಜೆ ದಿನ ಏಳು ಗಂಟೆ ದಾಟಿದರೆ ಸಾಲು ರಸ್ತೆಗೆ ಬರುತ್ತದೆ, ಬೇಗ ಹೋಗುವುದು ಒಳ್ಳೇದು. ಉಪ್ಪಿಟ್ಟು, ಇಡ್ಲಿ, ಆಮೇಲೆ ಅನಾನಸ್ ಶೀರಾ. ಶೀರಾ ಬಿಸಿ ಬಿಸಿ, ತಟ್ಟೆಯ ಅಂಚಿಗೆ ತುಪ್ಪ ಜಿನುಗುತ್ತಿತ್ತು, ಹಣ್ಣಿನ ಚೂರು ಹಲ್ಲಿಗೆ ಸಿಗುತ್ತಿತ್ತು. ಗುರುತಿಲ್ಲದವರ ಜೊತೆ ಒಂದೇ ಮೇಜು ಹಂಚಿಕೊಳ್ಳಬೇಕು. ನಮ್ಮೆದುರು ಕೂತ ಅಜ್ಜಿ ಗುಜರಾತಿಯವರು. ಐವತ್ತು ವರ್ಷದಿಂದ ಶನಿವಾರ ಬೆಳಿಗ್ಗೆ ಮಾಟುಂಗಾದಲ್ಲೇ ತಿಂಡಿಯಂತೆ. ಮಾವ ತಾನಿದ್ದ ಹೋಟೆಲಿನ ಹೆಸರು ಹೇಳಿದರು. ಅಜ್ಜಿ ಚಮಚ ಕೆಳಗಿಟ್ಟರು. "ಅಲ್ಲಿಯ ಮೈಸೂರು ಬೋಂಡಾ! ಮದುವೆಯಾದ ಹೊಸದರಲ್ಲಿ ನಮ್ಮವರು ಕರೆದುಕೊಂಡು ಹೋಗುತ್ತಿದ್ದರು" ಅಂತ ಹಿಂದಿಯಲ್ಲಿ ಹೇಳಿದರು. ಮಾವ ಏನೂ ಹೇಳಲಾಗದೆ ಕೈ ಮುಗಿದರು. ಆ ಬೋಂಡಾ ತಂದಿಟ್ಟಿದ್ದು ಇವರೇ ಇರಬಹುದಲ್ವಾ.

ಹೊರಗೆ ಬರುವಷ್ಟರಲ್ಲಿ ಮಳೆ ಮತ್ತೆ ಶುರು. ಕಿಂಗ್ಸ್ ಸರ್ಕಲ್ ತನಕ ನಡೆದು ಹೋಗಿ ಕಾಫಿ ಪುಡಿ ತಗೊಳ್ಳೋಣ ಅಂತ ಹೊರಟಿದ್ದು ತಪ್ಪಾಯಿತು. ಜೋರು ಮಳೆ ಬಂದರೆ ಮುಂಬೈಯಲ್ಲಿ ಮೊದಲು ನೀರು ನಿಲ್ಲುವ ಜಾಗಗಳಲ್ಲಿ ಅದೂ ಒಂದು. ಹತ್ತೇ ನಿಮಿಷದಲ್ಲಿ ನೀರು ಮೊಣಕಾಲಿಗೆ ಬಂತು. ಮಾವನ ಕೈ ಗಟ್ಟಿ ಹಿಡಿದುಕೊಂಡು ಗೋಡೆ ಪಕ್ಕದಲ್ಲೇ ಹಿಂದೆ ಬಂದೆ. ಅವರ ಒಂದು ಚಪ್ಪಲಿ ನೀರಿನ ಪಾಲಾಯಿತು. ಹೂವಿನ ಅಂಗಡಿಯ ಒಬ್ಬ ತಮಿಳು ಹೆಂಗಸು ನೋಡಿ, ಒಳಗೆ ಕರೆದು ಸ್ಟೂಲ್ ಕೊಟ್ಟರು. ತನ್ನ ಗಂಡನ ಹಳೇ ರಬ್ಬರ್ ಚಪ್ಪಲಿಯನ್ನೂ ಕೊಟ್ಟರು. ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ಕೊನೆಗೆ ಎರಡು ಮೊಳ ಮಲ್ಲಿಗೆ ತಗೊಂಡೆವು, ಲಾಡ್ಜಿನಲ್ಲಿ ಮುಡಿಯುವವರು ಯಾರೂ ಇಲ್ಲದಿದ್ದರೂ.

ಹಳಿ ಮೇಲೆ ನೀರು ಬಂದು ಸೆಂಟ್ರಲ್ ಲೈನ್ ನಿಂತಿತ್ತು. ಜನ ಪ್ಲಾಟ್‌ಫಾರಂ ತುಂಬ. ಆಗ ಮಾವ, "ಝೆಡ್ ಬ್ರಿಜ್ ದಾಟುವ, ಆಚೆ ಲೈನ್ ನೋಡುವ" ಅಂದರು. ಮೊನ್ನೆ ತಪ್ಪಿ ಬಂದ ದಾರಿ ಈಗ ಉಪಕಾರಕ್ಕೆ ಬಂತು. ವೆಸ್ಟರ್ನ್ ಲೈನ್ ಗಾಡಿಗಳು ನಿಧಾನವಾಗಿ ಓಡುತ್ತಿದ್ದವು. ಮಳೆಗಾಲದಲ್ಲಿ ಹೋಗುವವರು ಆ ಸೇತುವೆಯನ್ನು ನೆನಪಿಟ್ಟುಕೊಳ್ಳಿ.

ಮಧ್ಯಾಹ್ನ ಪೂರ್ತಿ ಮಲಗಿ, ರಾತ್ರಿ ಕಾಲ್ಬಾದೇವಿಯ ಶ್ರೀ ಠಾಕರ್ ಭೋಜನಾಲಯ. 1945ರಿಂದ ಇದೆ. ಸಣ್ಣ ಗಲ್ಲಿ, ಕಡಿದಾದ ಮೆಟ್ಟಿಲು, ಮೇಲೆ ಹೋದರೆ ಗುಜರಾತಿ ಥಾಲಿ. ಕೂತ ಕೂಡಲೇ ಬಟ್ಟಲುಗಳು ತುಂಬುತ್ತವೆ. ಪಲ್ಯಗಳು, ಸಿಹಿ ದಾಲ್, ಕಢಿ, ಫರ್ಸಾನ್ ಅನ್ನುವ ಖಾರದ ತಿಂಡಿ, ತುಪ್ಪ ಸವರಿದ ಫುಲ್ಕಾ. ಫುಲ್ಕಾ ಉಬ್ಬಿಕೊಂಡೇ ತಟ್ಟೆಗೆ ಬರುತ್ತದೆ, ಬೆರಳಿಟ್ಟರೆ ಹಬೆ ಬಿಡುತ್ತದೆ. ಬೇಡ ಅಂದರೂ ಹಾಕುತ್ತಾರೆ, ತಟ್ಟೆ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು. ಇಲ್ಲಿಗೆ ಬರುವ ದಿನ ಮಧ್ಯಾಹ್ನ ಊಟ ಬಿಡಿ, ನಾವು ಬಿಟ್ಟಿದ್ದಕ್ಕೇ ಕೊನೆಯ ಖಿಚಡಿ ತನಕ ಹೋಗಲು ಆಯಿತು. ಮಾವ ಬಡಿಸುವವರನ್ನು ಕೇಳಿದರು, ನಿಮ್ಮ ಊಟ ಎಷ್ಟು ಹೊತ್ತಿಗೆ? ಎಲ್ಲ ಮುಗಿದ ಮೇಲೆ, ಅಂದರು ಅವರು. ಮಾವ ತಲೆಯಾಡಿಸಿ, ಬೇಗ ಬೇಗ ಮುಗಿಸಿ ಎದ್ದರು.

ಭಾನುವಾರ

ಮಳೆ ನಿಂತು ಬಿಸಿಲು. ಮುಂದಿನ ವಾರ ಶ್ರಾವಣ ಶುರು. ಶ್ರಾವಣದಲ್ಲಿ ಮೀನು, ಮಾಂಸ ಬಿಡುವವರು ಅದಕ್ಕೆ ಮೊದಲೇ ತಿಂದು ಮುಗಿಸುತ್ತಾರೆ. ಇಲ್ಲಿ ಅದಕ್ಕೆ ಗಟಾರಿ ಅಂತಾರೆ. ಹಾಗಾಗಿ ಕೊಂಕಣ ಕರಾವಳಿಯ ಅಡುಗೆ ಸಿಗುವ ದಾದರಿನ ಮಾಲ್ವಣಿ ಖಾನಾವಳಿಗಳ ಮುಂದೆ ಹಬ್ಬದ ಜನ. ನಾವು ಹೊಕ್ಕಿದ್ದು ಶಿವಾಜಿ ಪಾರ್ಕ್ ಹತ್ತಿರದ ಸಣ್ಣ ಜಾಗ.

ಜೂನ್, ಜುಲೈ ಎರಡು ತಿಂಗಳು ನಮ್ಮ ಕರಾವಳಿಯ ಹಾಗೆ ಇಲ್ಲೂ ಟ್ರಾಲ್ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ. ಅಂಜಲ್, ಪಾಂಫ್ರೆಟ್ ಕೇಳಿದರೆ ಐಸಿನಲ್ಲಿಟ್ಟದ್ದೇ ಹೆಚ್ಚು. "ಬೊಂಬಿಲ್ ಹೇಳು" ಅಂದರು ಮಾವ. ಬಾಂಬೆ ಡಕ್ ಅನ್ನುವ ಮೀನು ಅದು. ರವೆ ಹಚ್ಚಿ ಕಾಯಿಸಿದ ಬೊಂಬಿಲ್ ಬಂತು. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಮುಳ್ಳು ಎಷ್ಟು ಮೆತ್ತಗಿತ್ತೆಂದರೆ ಮಾವ ಹಾಗೇ ಜಗಿದರು. ಕೋಳಿ ಸಾರಿನ ಜೊತೆ ಉಬ್ಬಿದ ವಡೆ, ಕುಡಿಯಲು ಸೋಲ್‌ಕಢಿ. ನಮ್ಮ ಪುನರ್ಪುಳಿಗೆ ತೆಂಗಿನಹಾಲು, ಬೆಳ್ಳುಳ್ಳಿ ಹಾಕಿದ್ದು.

ಪಕ್ಕದಲ್ಲಿ ಕೂತವರು ನಿವೃತ್ತ ಮೇಷ್ಟ್ರು, ಮರಾಠಿಯವರು. ಗಟಾರಿ ಅನ್ನುವ ಮಾತು ಅವರಿಗೆ ಇಷ್ಟವಿಲ್ಲ. "ಅದು ದೀಪ ಅಮಾವಾಸ್ಯೆ. ಮನೆಯ ದೀಪಗಳನ್ನೆಲ್ಲ ತೊಳೆದು ಬೆಳಗಿ ಪೂಜೆ ಮಾಡುವ ದಿನ" ಅಂದರು. ಅದೇ ದಿನ ನಮ್ಮಲ್ಲಿ ಭೀಮನ ಅಮಾವಾಸ್ಯೆ, ಅಲ್ಲೂ ದೀಪಕ್ಕೇ ಪೂಜೆ, ತುಳುನಾಡಲ್ಲಿ ಆಟಿ ಅಮಾವಾಸ್ಯೆ, ಬೆಳಿಗ್ಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತಾರೆ ಅಂತ ಮಾವ ಮರಾಠಿಯಲ್ಲೇ ವಿವರಿಸಿದರು. ನಲವತ್ತು ವರ್ಷದಿಂದ ಆಡದ ಮರಾಠಿ! ಮೊದಲು ತಡವರಿಸಿದರು, ಆಮೇಲೆ ಸರಾಗ. ಮೇಷ್ಟ್ರು ಕಷಾಯದ ಕಹಿಯ ಬಗ್ಗೆ ಎರಡೆರಡು ಸಲ ಕೇಳಿ ತಿಳಿದುಕೊಂಡರು. ನಾನು ಮಧ್ಯೆ ಕೂತು ಇನ್ನೊಂದು ಸೋಲ್‌ಕಢಿ ಹೇಳಿದೆ.

ಸೋಮವಾರ

ಮಧ್ಯಾಹ್ನ ಮೂರರ ನಂತರ ರೈಲು. ಬೆಳಗಿನ ತಿಂಡಿಗೆ ಕಿಂಗ್ಸ್ ಸರ್ಕಲಿನ ಕೆಫೆ ಮದ್ರಾಸಿನಲ್ಲಿ ರಾಗಿ ದೋಸೆ ಅಂತ ಅಂದುಕೊಂಡು ಹೋದರೆ ಬಾಗಿಲು ಹಾಕಿತ್ತು. ಸೋಮವಾರ ರಜೆ. ರಾಮನಾಯಕರಲ್ಲೂ ಸೋಮವಾರವೇ ರಜೆ. ಮಾಟುಂಗಾ ಊಟಕ್ಕೆ ಬರುವವರು ಸೋಮವಾರ ಬಿಟ್ಟು ಬನ್ನಿ.

ಮಾವ ಸ್ವಲ್ಪ ಹೊತ್ತು ಮುಚ್ಚಿದ ಬಾಗಿಲ ಮುಂದೆ ನಿಂತರು. "ಹಾಗಾದರೆ ಬಾ" ಅಂತ ಒಂದು ಗಲ್ಲಿಗೆ ತಿರುಗಿದರು. ನಾಲ್ಕು ದಿನದಲ್ಲಿ ಎರಡು ಸಲ ಮಾಟುಂಗಾಕ್ಕೆ ಬಂದಿದ್ದರೂ ತಾವು ಕೆಲಸ ಮಾಡಿದ ಜಾಗವನ್ನು ಅವರು ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಹೋಟೆಲಿದ್ದ ಕಡೆ ಈಗ ಮೊಬೈಲ್ ಅಂಗಡಿ. ಮಾವ ಅದರೊಳಗೆ ಹೋಗಲಿಲ್ಲ, ಪಕ್ಕದ ಸಂದಿಯಿಂದ ಹಿಂದಕ್ಕೆ ಹೋದರು. ಹಿಂಭಾಗ ಹಾಗೇ ಇತ್ತು. ಪಾತ್ರೆ ತೊಳೆಯುತ್ತಿದ್ದ ಕಲ್ಲಿನ ಕಟ್ಟೆ, ನೀರು ಹೋಗುವ ಚರಂಡಿ, ಅಟ್ಟಕ್ಕೆ ಕಬ್ಬಿಣದ ಏಣಿ. ಕೆಳಗಿನ ಗೋಡಾನು ಈಗ ಪಕ್ಕದ ತಿಂಡಿ ಅಂಗಡಿಯವರ ಕೈಯಲ್ಲಿದೆ. ಕಟ್ಟೆ ಮೇಲೆ ಕೂತು ಒಬ್ಬ ಹುಡುಗ ಆಲೂಗಡ್ಡೆ ಸುಲಿಯುತ್ತಿದ್ದ. ಹದಿನೆಂಟು, ಹತ್ತೊಂಬತ್ತು ಇರಬಹುದು.

"ಊರು ಎಲ್ಲಿ?" ಮಾವ ಹಿಂದಿಯಲ್ಲಿ ಕೇಳಿದರು. ಉತ್ತರ ಪ್ರದೇಶದ ಗೋಂಡಾ ಅಂದ. ಅಟ್ಟದ ಮೇಲೆ ಆರು ಜನ ಮಲಗುತ್ತಾರಂತೆ. "ನಾವು ಹದಿನಾಲ್ಕು ಜನ ಇದ್ದೆವು" ಅಂದರು ಮಾವ. ಹುಡುಗನ ಕೈ ನಿಂತಿತು. ಮಾವ ಏಣಿಯ ಎಡಗಡೆಯ ಮೂಲೆ ತೋರಿಸಿದರು. ರಾತ್ರಿ ಹನ್ನೊಂದಕ್ಕೆ ಅಲ್ಲಿ ಚಾಪೆ, ನಾಲ್ಕಕ್ಕೆ ಏಳಬೇಕು, ಮಧ್ಯೆ ಎರಡು ವರ್ಷ ಕನ್ನಡ ರಾತ್ರಿ ಶಾಲೆಗೂ ಹೋಗಿದ್ದು, ಬೀದಿ ದೀಪದ ಬೆಳಕು ಆ ಕಿಂಡಿಯಿಂದ ಬೀಳುತ್ತಿದ್ದುದರಿಂದ ಓದಲು ಆ ಮೂಲೆಯೇ ಬೇಕು ಅಂತ ಜಗಳ ಆಡುತ್ತಿದ್ದುದು, ಎಲ್ಲ ಹೇಳಿದರು. ಹುಡುಗ ಎದ್ದು ಆ ಕಿಂಡಿಯನ್ನು ನೋಡಿದ. "ಈಗ ಅದಕ್ಕೆ ರಟ್ಟು ಹಚ್ಚಿದ್ದೇವೆ, ಮಳೆ ಒಳಗೆ ಬರುತ್ತದೆ" ಅಂದ.

"ತಿಂಡಿ ಆಯ್ತಾ ನಿಂದು?" ಕೇಳಿದರು ಮಾವ. ಆಗಿರಲಿಲ್ಲ. ಅವನ ಮಾಲೀಕರ ಹತ್ತಿರ ಹೋಗಿ ಅವನಿಗೆ ಅರ್ಧ ಗಂಟೆ ಬಿಡುವು ಕೇಳಿಕೊಂಡು ಬಂದರು. ಮೂವರೂ ಮೂಲೆಯ ಒಂದು ಹೋಟೆಲಿಗೆ ಹೋದೆವು. ಹುಡುಗ ಮೊದಲು ಕುರ್ಚಿಯ ತುದಿಯಲ್ಲೇ ಕೂತಿದ್ದ. "ಸರಿಯಾಗಿ ಒರಗಿ ಕೂತ್ಕೋ" ಅಂದರು ಮಾವ. ಮೂರು ಮಸಾಲೆ ದೋಸೆ ಹೇಳಿದೆವು.